ನೀರು ಕುಡಿಯದವರ ಸಮೀಕ್ಷೆ

ಪ್ರತಿ ವರ್ಷ ಎಂ.ಎ. ಮೊದಲ ವರ್ಷದ ಮಕ್ಕಳಿಗೆ ನಾನು ಸಂಶೋಧನಾ ವಿಧಾನದ ಪಾಠ ಮಾಡುತ್ತೇನೆ. ಸಮಾಜಶಾಸ್ತ್ರಜ್ಞರು ತಮ್ಮ ವಿಧಾನವನ್ನು ಹೇಗೆ ಆರಿಸಿಕೊಳ್ಳುತ್ತಾರೆ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಸಿದ್ಧಾಂತ, ನೈತಿಕತೆ, ಸಮಯ, ಅನುದಾನ, ಪ್ರವೇಶ ಎಂದು ಸಾಲಾಗಿ ಇಳಿಸುತ್ತೇನೆ. ಮಕ್ಕಳು ಬರೆದುಕೊಂಡು ಹೋಗಿ ಪರೀಕ್ಷೆಯಲ್ಲಿ ಹಾಗೆಯೇ ಕಕ್ಕುತ್ತಾರೆ. ಮಧ್ಯಾಹ್ನದ ನಿದ್ದೆ ಎಂಬುದನ್ನು ಮಾತ್ರ ನಾನು ಬರೆಯುವುದಿಲ್ಲ. ನನ್ನ ಪಿಎಚ್‌.ಡಿ.ಯ ವಿಧಾನವನ್ನು ಆರಿಸಿದ್ದು ಅದೇ.

ನನ್ನ ಗೈಡ್ ಪುಣೆಯ ಹಳೇ ಪೇಠೆಯವರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅವರ ಮನೆಯ ಗಂಟೆ ಒತ್ತುವ ಧೈರ್ಯ ಅಂಚೆಯವನಿಗೂ ಇರಲಿಲ್ಲ. ನನ್ನ ವಿಷಯವೋ, ಚಿಂಚವಾಡದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಹೆಂಗಸರು. ಅವರ ಮೊದಲ ಪಾಳಿ ಬಿಡುವುದು ಮೂರೂವರೆಗೆ. ಆ ಹೊತ್ತಿಗೆ ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಕೂತು, ಅವರ ಜೊತೆಗೇ ಬಸ್ಸಿನಲ್ಲಿ ನಮ್ಮ ಮನೆಯಿರುವ ನಿಗಡಿಯವರೆಗೆ ಬಂದರೆ ಅವರಾಗಿಯೇ ಮಾತಾಡುತ್ತಾರೆ ಎಂದೆ. ಮೊದಲ ಕೆಲವು ಭೇಟಿಗಳಲ್ಲಿ ಗೈಡ್ ಜೊತೆಗಿರಬೇಕೆಂಬುದು ನಮ್ಮ ವಿಭಾಗದ ನಿಯಮ. ಸರ್ ಕನ್ನಡಕ ಒರೆಸುತ್ತಾ, ಇಂಗ್ಲಿಷಿನಲ್ಲಿ, ಬಹಳ ಗಂಭೀರವಾಗಿ, "ಅಂಥ ಕ್ಷೇತ್ರಕಾರ್ಯ ವ್ಯಕ್ತಿನಿಷ್ಠ ಆಗಿಬಿಡುತ್ತದೆ" ಎಂದರು. ಮೂರು ಗಂಟೆಗೆ ಹಾಸಿಗೆ ಬಿಡಬೇಕಾದವರಿಗೆ ವಿಜ್ಞಾನದ ಬಗ್ಗೆ ಎಷ್ಟೊಂದು ಕಾಳಜಿ!

ಇನ್ನೂ ಕಾರಣಗಳಿದ್ದವು. ವಿಭಾಗದವರು ಅಂಕಿಅಂಶದ ಹೊಸ ಸಾಫ್ಟ್‌ವೇರ್ ಕೊಂಡಿದ್ದರು, ಅದಕ್ಕೆ ಯಾರಾದರೂ ಏನಾದರೂ ತಿನ್ನಿಸಬೇಕಿತ್ತು. ಪಕ್ಕದ ಕೋಣೆಯ ಪ್ರಾಧ್ಯಾಪಕರು ಕಾರ್ಮಿಕರ ಜೊತೆ ಕೂತು ಮಾತಾಡುವ ವಿಧಾನದವರು. ಅವರು ಅದಕ್ಕಾಗಿ ಆರಿಸಿದ್ದು ಕಾರ್ಖಾನೆಗಳ ಜೊತೆಗೆ ಹೆಸರಾಂತ ಗಣಪತಿ ಗುಡಿಯೂ ಇರುವ ರಾಂಜಣಗಾಂವವನ್ನು. ಅವರ ಕ್ಷೇತ್ರ ಭೇಟಿಗಳೆಲ್ಲ ಅದು ಹೇಗೋ ಸಂಕಷ್ಟಿಯ ದಿನವೇ ಬೀಳುತ್ತಿದ್ದವು, ಹೆಂಡತಿಗೂ ಗಣಪತಿಯ ದರ್ಶನವಾಗುತ್ತಿತ್ತು. ಅವರಿಗೂ ನಮ್ಮ ಸರ್‌ಗೂ ಮಾತಿರಲಿಲ್ಲ. ಅವರು ಕತೆ ಕೇಳುತ್ತಾರೆಂದರೆ ನಮ್ಮವರು ತಲೆ ಎಣಿಸಲೇಬೇಕು. ಇದಕ್ಕೆ ಸೈದ್ಧಾಂತಿಕ ನಿಲುವು ಎಂದು ಹೆಸರು.

ಹೀಗೆ ಮುನ್ನೂರು ಫಾರಂಗಳು ಮರಾಠಿಯಲ್ಲಿ ಅಚ್ಚಾದವು. ಕಾರ್ಖಾನೆಯ ಆಫೀಸಿನವರು ನಮ್ಮನ್ನು ಒಳಗೆ ಬಿಡಲಿಲ್ಲ. ಫಾರಂ ಇಟ್ಟು ಹೋಗಿ, ಲೈನಿನ ಸುಪರ್‌ವೈಸರ್ ತುಂಬಿಸಿ ಕೊಡುತ್ತಾನೆ ಎಂದರು. ಸರ್‌ಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಎಂಟೇ ದಿನದಲ್ಲಿ ಎಲ್ಲ ಫಾರಂಗಳೂ ವಾಪಸ್ಸು ಬಂದವು, ಒಂದೂ ಖಾಲಿ ಇರಲಿಲ್ಲ. ಯಾವ ಹೆಂಗಸಿಗೂ ಯಾವ ತೊಂದರೆಯೂ ಇರಲಿಲ್ಲ.

ನಿಗಡಿಯಲ್ಲಿ ನಮ್ಮ ಮೇಲಿನ ಖೋಲಿಯಲ್ಲಿದ್ದ ಹೆಂಗಸು ಅದೇ ಕಾರ್ಖಾನೆಗೆ ಹೋಗುತ್ತಿದ್ದಳು. ವಿಜಯಪುರದ ಕಡೆಯವಳು, ನನಗಿಂತ ಎರಡು ವರ್ಷ ದೊಡ್ಡವಳು. ಓದಿದವಳೆಂದು ನನ್ನನ್ನೇ ಅಕ್ಕಾರ ಎನ್ನುತ್ತಿದ್ದಳು. ಒಂದು ಭಾನುವಾರ ಜ್ವರ, ಕಿಬ್ಬೊಟ್ಟೆ ನೋವು ಎಂದು ನಮ್ಮ ಅಡುಗೆಮನೆಯಲ್ಲಿ ಬಂದು ಕೂತಳು. ಏನಾಯಿತೆಂದು ಅವ್ವ ಕೇಳಿದಳು.

"ಡ್ಯೂಟಿ ಮ್ಯಾಲ ನೀರ ಕುಡಿಯಂಗಿಲ್ರೀ. ಕುಡದ್ರ ಎದ್ದ ಹೋಗಬೇಕಾಗ್ತದ, ಎದ್ದ ಹೋದ್ರ ಲೈನ್ ನಿಂದರ್ತದ. ಇದು ಎಷ್ಟನೇ ಸಲ ಅಂತ ಸುಪರ್‌ವೈಸರ್ ಎಲ್ಲಾರ ಮುಂದ ಕೇಳ್ತಾನ್ರೀ. ನಾಚಿಕಿ ಬರ್ತದ. ನಾವ್ಯಾರೂ ಕುಡಿಯಂಗಿಲ್ಲ. ಹಿಂಗ ಮಾಡಿದ್ರ ಕಿಡ್ನಿ ಹೋಗ್ತಾವ ಅಂತ ಡಾಕ್ಟರ್ ಬೈದ್ರು."

"ಮತ್ತ ಫಾರಮ್ಮಿನ್ಯಾಗ ತೊಂದ್ರಿ ಏನೂ ಇಲ್ಲ ಅಂತ ಬರದೀರಲ್ಲ?" ಎಂದೆ.

"ನೀರ ಅದ ಏನು ಅಂತ ಕೇಳಿತ್ತು. ಅದ. ಸಂಡಾಸ ಅದ ಏನು ಅಂತ ಕೇಳಿತ್ತು. ಅದೂ ಅದ. ಖೂಣ ಮಾಡಿ ಕೊಟ್ಟೆ. ತ್ರಾಸ ಅದ ಏನು ಅಂದಲ್ಲೆ 'ಕಾಹೀ ನಾಹೀ' ಅಂತ ಬರದೆ. ಅಂವಾ ಬಾಜೂಕೇ ನಿಂತಿದ್ದನಲ್ರೀ ಅಕ್ಕಾರ." ಆಮೇಲೆ ನನ್ನ ಕೈ ಹಿಡಿದುಕೊಂಡಳು. "ನಿಮ್ಮ ಪುಸ್ತಕ ಆಫೀಸಿನವ್ರು ಓದ್ತಾರಂತ. ನಾವು ಎದ್ದ ಹೋದಾಗ ಬದ್ಲಿ ಒಬ್ಬಾಕಿನ್ನ ನಿಂದ್ರಿಸ್ರಿ ಅಂತ ಅದರಾಗ ಬರೀರಿ. ಅಷ್ಟಾದ್ರ ನನಗ ಸಾಕು."

ಮರುದಿನ ನಾಲ್ಕು ಹೊಡೆದ ಮೇಲೆ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ. ನಾವು ಕೇಳಿದ್ದೇ ತಪ್ಪು ಪ್ರಶ್ನೆ, ಕೇಳಿಸಿದ್ದೂ ತಪ್ಪು ಮನುಷ್ಯನಿಂದ, ಮನೆಮನೆಗೆ ಹೋಗಿ ಕನ್ನಡದಲ್ಲಿ, ಮರಾಠಿಯಲ್ಲಿ ಮೊದಲಿನಿಂದ ಕೇಳೋಣ ಎಂದೆ.

"ಎಷ್ಟು ಜನ ಹೀಗೆ ಹೇಳಿದ್ದಾರೆ?"

"ಒಬ್ಬಳು, ಸರ್."

"ಒಬ್ಬಳು ಹೇಳಿದರೆ ಕತೆ. ಮುನ್ನೂರು ಜನ ಹೇಳಿದರೆ ಡೇಟಾ." ಚಹಾ ಬಸಿಗೆ ಸುರಿದುಕೊಂಡರು. "ವಿಧಾನ ಬದಲಿಸುವುದಾದರೆ ಮತ್ತೆ ಸಮಿತಿ, ಮತ್ತೆ ಅನುಮೋದನೆ, ಇನ್ನೆರಡು ವರ್ಷ. ಯಾವುದೋ ಕಾಲೇಜಿನಲ್ಲಿ ಜೂನ್‌ಗೆ ಒಂದು ಜಾಗ ಖಾಲಿಯಾಗುತ್ತದೆ ಎಂದಿದ್ದೆಯಲ್ಲ?"

ಎಂದಿದ್ದೆ. ಸರ್ ನಿದ್ದೆಯನ್ನು ಇಷ್ಟು ಹೊತ್ತು ಬಾಯ್ತುಂಬ ಆಡಿಕೊಂಡೆನಲ್ಲ, ಅವರು ಪಾಪ ಮೂರು ತಾಸು ಮಲಗಿ ಏಳುತ್ತಿದ್ದರು. ನಾನು ಆವತ್ತು ತಲೆಯಾಡಿಸಿ ಮನೆಗೆ ಬಂದವಳು ಮುನ್ನೂರು ಫಾರಂಗಳನ್ನೂ ಕಂಪ್ಯೂಟರಿಗೆ ಹತ್ತಿಸಿದೆ. ಅವಳದೂ ಅದರಲ್ಲಿತ್ತು. ನನಗೆ ಈಗಲೂ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಒಂದೇ ಪ್ರಶ್ನೆ ಕೇಳಿದರು: ಈ ವಿಧಾನವೇ ಏಕೆ? ಸಂಶೋಧನಾ ಪ್ರಶ್ನೆಯ ಸ್ವರೂಪವೇ ಇದನ್ನು ಬಯಸಿತು ಎಂದು ತಡವರಿಸದೆ ಹೇಳಿದೆ. ಅವರು ಮೆಚ್ಚಿ ಬರೆದುಕೊಂಡರು. ಅವರ ಗಮನವೆಲ್ಲ ಮೇಜಿನ ಮೇಲಿದ್ದ ಬಾಕರವಡಿಯ ತಟ್ಟೆಯ ಕಡೆಗಿತ್ತು. ಪ್ರಬಂಧದ ಒಂದು ಪ್ರತಿ ಕಾರ್ಖಾನೆಯ ಆಫೀಸಿಗೂ ಹೋಯಿತು, ಸೌಲಭ್ಯಗಳು ತೃಪ್ತಿಕರ ಎಂಬ ಕೋಷ್ಟಕದ ಸಮೇತ. ಜೂನ್‌ನಲ್ಲಿ ನನಗೆ ಕೆಲಸ ಸಿಕ್ಕಿತು.

ಪೇಢೆ ಕೊಡಲು ಮೇಲಿನ ಖೋಲಿಗೆ ಹೋದೆ. ಅವಳ ಮುಖ ಬಾತುಕೊಂಡಿತ್ತು, ಎರಡನೇ ಪಾಳಿಗೆ ಹೊರಡುವ ಅವಸರದಲ್ಲಿದ್ದಳು. ಪುಸ್ತಕ ತೋರಿಸಿರಿ ಎಂದಳು. ಕೆಳಗಿಳಿದು ತಂದು ಕೊಟ್ಟೆ. ಅವಳಿಗೆ ಇಂಗ್ಲಿಷ್ ಬಾರದು. ಹಾಳೆ ತಿರುವಿ ತಿರುವಿ ನೋಡಿದಳು.

"ನಾ ಹೇಳಿದ್ದು ಇದರಾಗ ಅದ ಏನ್ರೀ ಅಕ್ಕಾರ?"

"ಅದ" ಎಂದೆ.

"ಆಫೀಸಿನವ್ರಿಗೆ ಮುಟ್ಟ್ಯದ?"

"ಮುಟ್ಟ್ಯದ."

"ಹಂಗಾದ್ರ ಇನ್ನೊಂದಿಷ್ಟ ದಿನ ತಡಕೋತೀನಿ ಬಿಡ್ರೀ" ಎಂದಳು. ಪೇಢೆಯನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿಯದೆ ಪಾಳಿಗೆ ಹೋದಳು.