ಎರಡು ಬೆರಳು ತಗ್ಗಿದ ಭುಜ

ಅವರ ಬಲಭುಜ ಎಡಭುಜಕ್ಕಿಂತ ಸರಿಯಾಗಿ ಎರಡು ಬೆರಳು ತಗ್ಗಿತ್ತು. ಅಷ್ಟು ವರ್ಷ ಒಂದೇ ಕೈಯಲ್ಲಿ ದಪ್ಪ ಕತ್ತರಿ ಹಿಡಿದು, ಅದೇ ಕೈಯಲ್ಲಿ ಕೆಂಡದ ಇಸ್ತ್ರಿಪೆಟ್ಟಿಗೆ ಎತ್ತಿದ್ದರ ಫಲ. ತುಟಿಯಂಚಿನಲ್ಲಿ ಯಾವಾಗಲೂ ನಾಲ್ಕು ಗುಂಡುಪಿನ್ನು. ಅವನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರಿಂದ ಅವರ ಬೈಗುಳ ಆಲ್ದೂರಿನಲ್ಲಿ ಯಾರಿಗೂ ಪೂರ್ತಿ ಅರ್ಥವಾದದ್ದಿಲ್ಲ. ಅರ್ಧ ಅರ್ಥವಾದವರೇ ಎರಡು ದಿನ ಊಟ ಬಿಟ್ಟಿದ್ದಾರೆ. ಊರಿಗೆಲ್ಲ ಅವರು ಟೈಲರಮ್ಮ. ನನಗೂ ಅಷ್ಟೇ.

ಇಲ್ಲಿಗೆ ಬರುವ ಮೊದಲು ಅವರ ಅಂಗಡಿ ಕುದುರೆಮುಖದಲ್ಲಿತ್ತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ದೇಶದ ಎಲ್ಲ ಮೂಲೆಯವರೂ ಇದ್ದರಂತೆ. ಇವರು ಎಲ್ಲರಿಗೂ ಹೊಲಿದವರು. "ನಾನು ಇಂಡಿಯಾ ಪೂರ್ತಿ ಸುತ್ತಿದೀನಿ ಮಾರಾಯ್ತಿ, ಅಳತೆ ಟೇಪಲ್ಲಿ" ಅನ್ನುತ್ತಿದ್ದರು. ಗಣಿ ನಿಂತು, ಮನೆಗಳಿಗೆ ಬೀಗ ಬಿದ್ದು, ಊರೇ ಖಾಲಿಯಾದ ಮೇಲೂ ಎರಡು ವರ್ಷ ದಿನಾ ಒಂಬತ್ತಕ್ಕೆ ಅಂಗಡಿ ತೆರೆದರು. ಯಾರಿಗೆ ಹೊಲಿಯುತ್ತೀರಿ ಎಂದು ಕೇಳಿದ ಬಸ್ ಕಂಡಕ್ಟರಿಗೆ, ಮಂಗಗಳಿಗೆ ಚಡ್ಡಿ ಹೊಲಿಯುತ್ತಿದ್ದೇನೆ, ನಿನ್ನ ಅಳತೆಯನ್ನೂ ಕೊಟ್ಟು ಹೋಗು ಎಂದಿದ್ದರಂತೆ.

ಇಂಥವರ ಅಂಗಡಿಗೆ ನಾನು ಹೋದದ್ದು ಒಂದು ಚೀಲಕ್ಕಾಗಿ. ಆಗ ಅತ್ತಿಗುಂಡಿಯ ಹೋಂಸ್ಟೇ ಒಂದರಲ್ಲಿ ಪ್ರವಾಸಿಗರಿಗೆ ಕಾಡು ತೋರಿಸುವ ಕೆಲಸ ನನ್ನದು. ಬೆನ್ನಿಗೊಂದು ಚೀಲ ಹಾಕಿಕೊಂಡು ಎಲ್ಲೆಲ್ಲಿಂದಲೋ ಒಬ್ಬರೇ ಬರುತ್ತಿದ್ದ ಹುಡುಗಿಯರನ್ನು ನೋಡಿ ನೋಡಿ, ನಮ್ಮ ಕಾಡಿನ ಜಿಗಣೆ, ಅಂದರೆ ಇಂಬಳದ ಹತ್ತಿರ ಕಚ್ಚಿಸಿಕೊಳ್ಳಲು ಇವರು ಇಷ್ಟು ದೂರ ಬರುವುದಾದರೆ ಅವರೂರಿನ ಹುಳಗಳನ್ನು ನಾನೇಕೆ ವಿಚಾರಿಸಿ ಬರಬಾರದು ಅನ್ನಿಸಿತು. ಪಾಸ್‌ಪೋರ್ಟು ಮಾಡಿಸಿದೆ. ಊರು ನಕ್ಕಿತು. ನಗುವುದಕ್ಕೆ ಕಾರಣವೂ ಇತ್ತು. ಚಿಕ್ಕಮಗಳೂರಿಗೆ ಹೊರಟು ಬೋರ್ಡು ನೋಡದೆ ಬಸ್ಸು ಹತ್ತಿ ಬಾಳೆಹೊನ್ನೂರಿನಲ್ಲಿ ಇಳಿದ ಖ್ಯಾತಿ ನನ್ನದು, ಅದೂ ಮೂರು ಸಲ.

ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿರುವ ನನ್ನ ಅಪ್ಪ ಮಾತ್ರ ನಗಲಿಲ್ಲ. ನೂರು ಆಳುಗಳನ್ನು ನಿಭಾಯಿಸುವವನಿಗೆ ಒಬ್ಬ ಮಗಳನ್ನು ನಿಭಾಯಿಸಲಾಗಲಿಲ್ಲ ಎಂದು ಜನ ಆಡಿಕೊಳ್ಳುತ್ತಾರೆಂದು ಹೇಳಿ, ನನ್ನ ಜೊತೆ ಮಾತು ಬಿಟ್ಟರು.

ಕಣದಲ್ಲಿ ಒಣಗುವ ಕಾಫಿಗೆ ಮಳೆ ಬಂದಾಗ ಹೊದಿಸುವ ನೀಲಿ ಟಾರ್ಪಾಲು ಇರುತ್ತದಲ್ಲ, ಅಂಥ ಹಳೆಯದೊಂದನ್ನು ನಾನು ಟೈಲರಮ್ಮನಿಗೆ ಕೊಟ್ಟು ಬಂದಿದ್ದೆ. ಮರುದಿನ ಅವರು ನನ್ನ ಬೆನ್ನಿನ ಅಳತೆ ತೆಗೆಯುತ್ತಿದ್ದಾಗ ಅಪ್ಪ ಮೆಟ್ಟಿಲು ಹತ್ತುವುದು ಕಾಣಿಸಿತು. ಪ್ರಪಂಚ ಸುತ್ತಲು ಹೊರಟ ಧೀರೆ ನಾನು ತಕ್ಷಣ ಪರದೆಯ ಹಿಂದೆ ಹೋಗಿ ಯಾರದೋ ಮದುವೆಯ ಬ್ಲೌಸುಗಳ ನಡುವೆ ನಿಂತೆ. ನಿಜ ಹೇಳಬೇಕೆಂದರೆ, ಅಪ್ಪನೇ ಗೆಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆ. ಒಳಗೊಳಗೇ ನನಗೆ ಹೊರಡಲು ಭಯವಿತ್ತು. ಚೀಲ ಇಲ್ಲದಿದ್ದರೆ ಹೋಗುವುದು ತಪ್ಪುತ್ತಿತ್ತು, ತಪ್ಪಿಸಿದ ಕೆಟ್ಟ ಹೆಸರೂ ಅಪ್ಪನಿಗೇ ಹೋಗುತ್ತಿತ್ತು.

"ಅದು ನಮ್ಮ ಕಣದ ಟಾರ್ಪಾಲು. ವಾಪಸ್ ಕೊಡಿ" ಅಂದರು ಅಪ್ಪ.

ಟೈಲರಮ್ಮ ಪಿನ್ನುಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ದಿಂಬಿಗೆ ಚುಚ್ಚಿದರು. ಟಾರ್ಪಾಲನ್ನು ಮೇಜಿನ ಮೇಲೆ ಹರಡಿದರು. ಅಪ್ಪನ ಕಣ್ಣೆದುರೇ ಕರಕರ ಎಂದು ಕತ್ತರಿ ಹಾಕಿದರು.

"ಮೇಸ್ತ್ರಿಗಳೇ, ಈಗ ಇದು ಟಾರ್ಪಾಲಲ್ಲ. ಇನ್ನೂ ಚೀಲನೂ ಅಲ್ಲ. ಕತ್ತರಿ ಹಾಕಿದ್ಮೇಲೆ ಹೊಲೀದೆ ಬಿಡೂದು ನನ್ನ ಕೈಲಿ ಆಗೂದಿಲ್ಲ. ಕೂತ್ಕೊಳಿ, ಕಾಫಿ ತರಿಸ್ತೀನಿ."

ಅಪ್ಪ ಕೂರಲಿಲ್ಲ. ಪರದೆಯ ಹಿಂದೆ ನಾನು ಸಿಕ್ಕಿಬಿದ್ದೆ, ಇನ್ನು ಹೊರಡಲೇಬೇಕು.

ಟೈಲರಮ್ಮ ಚೀಲಕ್ಕೆ ಏಳು ಕಳ್ಳಜೇಬು ಇಟ್ಟರು. ಆರು ತೋರಿಸಿದರು. ಏಳನೆಯದು ಎಲ್ಲಿ ಎಂದು ಕೇಳಿದರೆ, "ನಿಂಗೆ ಗೊತ್ತಾದ್ರೆ ಊರಿಗೆಲ್ಲ ಗೊತ್ತಾದಂಗೆ" ಅಂದುಬಿಟ್ಟರು. ಅದು ಎಲ್ಲಿತ್ತೆಂದು ಮೊದಲು ಕಂಡುಹಿಡಿದದ್ದು ಒಂದು ವಿಮಾನ ನಿಲ್ದಾಣದ ನಾಯಿ. ಯಾವ ದೇಶ ಎಂದು ಹೇಳುವುದಿಲ್ಲ, ಅಲ್ಲಿಗೆ ನಾನು ಇನ್ನೊಮ್ಮೆ ಹೋಗಬೇಕಿದೆ. ನಾಯಿ ಚೀಲ ಮೂಸಿ ಏಳು ಸಲ ಸೀನಿತು. ಅಧಿಕಾರಿ ಹೊಲಿಗೆ ಬಿಚ್ಚಿದ. ಒಳಗೊಂದು ಬಟ್ಟೆಯ ಗಂಟು, ಗಂಟಿನೊಳಗೆ ಬಿಳಿ ಪುಡಿ. ಸುಣ್ಣ, ಉಪ್ಪು, ಹೊಗೆಸೊಪ್ಪಿನ ಪುಡಿ. ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳ ಬಿಡಿಸಲು ನಮ್ಮಲ್ಲಿ ಮನೆಮನೆಯಲ್ಲೂ ಇರುವ ಗಂಟು! ಬಿಳಿ ಪುಡಿಯನ್ನು ಹೊಲಿಗೆಯೊಳಗೆ ಮುಚ್ಚಿಟ್ಟು ಗಡಿ ದಾಟಿಸಬಾರದೆಂಬುದು ಟೈಲರಮ್ಮನಿಗೆ ಹೇಗೆ ಗೊತ್ತಿರಬೇಕು? ಇಂಬಳಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನಗೆ ಆ ಕ್ಷಣಕ್ಕೆ ನೆನಪಾಗಲಿಲ್ಲ. ನೆಲದ ಮೇಲೆ ಕೂತು, ನನ್ನ ಬೆರಳನ್ನೇ ಇಂಬಳ ಮಾಡಿ, ನನ್ನ ಕಾಲಿಗೇ ಹತ್ತಿಸಿ, ರಕ್ತ ಹೀರುವ ಸದ್ದು ಮಾಡಿ ತೋರಿಸಿದೆ. ಆತ ಒಳಗಿನಿಂದ ಇನ್ನಿಬ್ಬರನ್ನು ಕರೆದು ಮತ್ತೊಮ್ಮೆ ಮಾಡಿಸಿದ. ಮೂರು ತಾಸಿನ ಮೇಲೆ ಬಿಟ್ಟರು. ಗಂಟು ಇಟ್ಟುಕೊಂಡರು.

ವಿಯೆಟ್ನಾಮಿನ ಕಾಫಿ ತೋಟದಲ್ಲಿ ಗಿಡ ಸವರುವ ಕ್ರಮ ಸರಿಯಿಲ್ಲವೆಂದು ಕನ್ನಡದಲ್ಲಿ ಉಪದೇಶ ಮಾಡಿ ನಗೆಪಾಟಲಾದೆ. ಇಥಿಯೋಪಿಯಾದಲ್ಲಿ ಮೂರು ಸುತ್ತು ಕಾಫಿ ಕುಡಿಯಲೇಬೇಕಾದ ಮನೆಯಲ್ಲಿ ಒಂದೇ ಸುತ್ತಿಗೆ ಸಾಕೆಂದು ಎದ್ದಾಗ ಅಜ್ಜಿಯೊಬ್ಬರು ರಟ್ಟೆ ಹಿಡಿದು ಕೂರಿಸಿದರು. ಇವನ್ನೆಲ್ಲ ವಾರಕ್ಕೊಮ್ಮೆ ಟೈಲರಮ್ಮನಿಗೆ ಫೋನಿನಲ್ಲಿ ಒಪ್ಪಿಸುತ್ತಿದ್ದೆ. ಅವರು ವಿಡಿಯೋ ಕಾಲನ್ನೂ ಕಿವಿಗೇ ಒತ್ತಿ ಹಿಡಿಯುತ್ತಿದ್ದರು. ಹೀಗೆ ನಾಲ್ಕು ಖಂಡಗಳಿಂದ ನಾನು ನೋಡಿದ್ದು ಅವರ ಕಿವಿಯೋಲೆಯನ್ನು.

ಕೊಲಂಬಿಯಾದಲ್ಲಿ ಹಳೆಯ ಖ್ಯಾತಿ ಕೈ ಹಿಡಿಯಿತು. ಬೋರ್ಡು ಸರಿಯಾಗಿ ನೋಡಿಯೇ ಹತ್ತಿದೆ, ಆದರೆ ಒಂದೇ ಹೆಸರಿನ ಊರು ಎರಡಿದ್ದವು. ಹನ್ನೊಂದು ತಾಸಿನ ತಪ್ಪು ದಾರಿಯ ಕೊನೆಗೆ, ಗುರುತಿಲ್ಲದ ಬಸ್‌ಸ್ಟ್ಯಾಂಡಿನಲ್ಲಿ ಚೀಲ ತಬ್ಬಿಕೊಂಡು ಅತ್ತೆ. ಟೈಲರಮ್ಮನಿಗೆ ಫೋನು ಮಾಡಿ, ಊರು ನಕ್ಕದ್ದೇ ಸರಿ, ನನ್ನ ಕೈಲಿ ಆಗುವುದಿಲ್ಲ, ನಾಳೆಯೇ ಬರುತ್ತೇನೆ ಅಂದೆ.

ಪಿನ್ನು ತೆಗೆದಿಟ್ಟಿದ್ದರು ಅನ್ನಿಸುತ್ತದೆ, ಮಾತು ಸ್ಪಷ್ಟವಾಗಿತ್ತು.

"ಬಾ. ಬೇಡ ಅನ್ನೋರು ಯಾರು? ಆದ್ರೆ ಹೆದ್ರಿ ಬರ್ಬೇಡ. ಸಾಕಾಗಿ ಬಾ."

ಆಮೇಲೆ ಮಾತು ಬದಲಿಸಿ ಅಪ್ಪನ ವಿಷಯ ಹೇಳಿದರು. ವಾರವಾರವೂ ಅಂಗಿಗೆ ಗುಂಡಿ ಹಾಕಿಸಲು ಬರುತ್ತಾರಂತೆ. ಗುಂಡಿ ಹಾಕುವಷ್ಟು ಹೊತ್ತು ಕೂತು, ಅವಳೆಲ್ಲಿದ್ದಾಳೆ ಎಂದು ಗೋಡೆಯ ಕಡೆ ಮುಖ ಮಾಡಿ ಕೇಳುತ್ತಾರಂತೆ. "ಬ್ಲೇಡಲ್ಲಿ ಕುಯ್ದ ದಾರ ನಂಗೆ ಗೊತ್ತಾಗೂದಿಲ್ವಾ? ಪಾಪ, ಅಂಗಿ ಎಲ್ಲ ಮುಗೀತಾ ಬಂತು."

ಮರುದಿನ ಹನ್ನೊಂದು ತಾಸು ವಾಪಸ್ ಪ್ರಯಾಣ ಮಾಡಿ ಸರಿಯಾದ ಊರಿಗೆ ಹೋದೆ.

ಪೋರ್ಚುಗಲ್ಲಿನಲ್ಲಿದ್ದಾಗ, ಹೊರಟ ಮೇಲೆ ಮೊದಲ ಬಾರಿಗೆ, ಅಪ್ಪನೇ ಫೋನು ಮಾಡಿದರು. ಅಂಗಡಿಯ ಮೆಟ್ಟಿಲಲ್ಲೇ ಎದೆ ಹಿಡಿದುಕೊಂಡು ಕೂತ ಟೈಲರಮ್ಮ ಮತ್ತೆ ಏಳಲಿಲ್ಲವಂತೆ. ನನಗಿನ್ನೂ ಸಾಕಾಗಿರಲಿಲ್ಲ. ಆದರೂ ಬಂದೆ. ಅವರ ಮಾತು ಮೀರಿದ್ದು ಅದೊಂದೇ ಸಲ.

ಆ ಭುಜಕ್ಕೆ ಷಟರ್ ಎತ್ತಲಾಗದೆ, ಕೊನೆಯ ತಿಂಗಳುಗಳಲ್ಲಿ ಅಂಗಡಿ ತೆರೆದುಕೊಡುತ್ತಿದ್ದದ್ದು ಅಪ್ಪ. ಕೀಲಿ ಅವರ ಹತ್ತಿರವೇ ಇತ್ತು. ಒಳಗೆ ಮೇಜಿನ ಮೇಲೆ ನೀಲಿ ಟಾರ್ಪಾಲು, ಚಾಕಿನ ಗೆರೆ ಎಳೆದು ಕತ್ತರಿಸಿಟ್ಟದ್ದು. ಹೊಲಿದಿರಲಿಲ್ಲ. ಭುಜದ ಪಟ್ಟಿ ಎರಡನ್ನೂ ಜೋಡಿಸಿ ಹಿಡಿದೆ. ಬಲಗಡೆಯದು ಎರಡು ಬೆರಳು ಗಿಡ್ಡ. ಟೈಲರಮ್ಮನಿಗೂ ಅಳತೆ ತಪ್ಪಿತಲ್ಲ ಅಂದೆ.

"ತಪ್ಪಿಲ್ಲ. ಅದು ಅವ್ರದ್ದೇ ಚೀಲ" ಅಂದರು ಅಪ್ಪ. "ಮುಂದಿನ ಸಲ ನಿನ್ ಜೊತೆ ಹೊರಡ್ತಾರಂತೆ. ಎಲ್ಲಿಗೆ ಅಂತ ಕೇಳ್ದೆ. ಬಾಳೆಹೊನ್ನೂರು ಒಂದು ಬಿಟ್ಟು ಎಲ್ಲಾದ್ರೂ ಸೈ ಅಂದ್ರು."

ಆಮೇಲೆ, ಗೋಡೆಯ ಕಡೆ ತಿರುಗಿ, "ಟಾರ್ಪಾಲು ನಾನೇ ಕೊಟ್ಟಿದ್ದು" ಅಂದರು.

ಕತ್ತರಿ ಹಾಕಿ ಆಗಿತ್ತು. ಜನ್ಮದಲ್ಲಿ ಒಂದು ಗುಂಡಿ ಹಾಕಿ ಗೊತ್ತಿಲ್ಲದ ನಾನು ಆ ಮೆಶಿನ್ನಿನ ಮುಂದೆ ಕೂತೆ. ಅಪ್ಪ ಟಾರ್ಪಾಲಿನ ಇನ್ನೊಂದು ತುದಿ ಹಿಡಿದರು. ಐದು ಸೂಜಿ ಮುರಿದವು. ಏಳು ಕಳ್ಳಜೇಬು ಇಡಲು ಹೋಗಿ ನಾಲ್ಕರ ಬಾಯಿಯನ್ನೇ ಹೊಲಿದುಬಿಟ್ಟೆ.

ಮುಂದಿನ ತಿಂಗಳು ಹೊರಡುತ್ತಿದ್ದೇನೆ, ಇದೇ ಚೀಲ ಹೊತ್ತು. ಬೆನ್ನಿಗೆ ಹಾಕಿದರೆ ಎಡಕ್ಕೆ ವಾಲುತ್ತದೆ. ಪಟ್ಟಿ ಸಮ ಮಾಡಿಸಿಕೋ ಎಂದು ಊರಲ್ಲಿ ಎಲ್ಲರೂ ಬುದ್ಧಿ ಹೇಳುತ್ತಿದ್ದಾರೆ. ಮಾಡಿಸುವುದಿಲ್ಲ. ನನ್ನ ಭುಜವೇ ಎರಡು ಬೆರಳು ತಗ್ಗಲಿ.