ಎರಡೂ ಕಾಲು ಹಾರ್ಸ್‌ಪವರ್

ನಿಯಮ ಜಾರಿ ಮಾಡಲು ಬಂದಿದ್ದ ಇನ್ಸ್‌ಪೆಕ್ಟರ್ ಬಾಲರಾಜು ತಾವೇ ಜಾರಿದರು. ಅದೂ ಎಲ್ಲಿಗೆ? ಯಾರ ಮೇಲೆ ದೂರು ಬಂದಿತ್ತೋ ಆ ಪಾಲಾಕ್ಷ ಕಾಲು ಇಳಿಬಿಟ್ಟು ಕೂತಿದ್ದ ಗುಂಡಿಯೊಳಕ್ಕೆ, ಅವನ ಮಗ್ಗುಲಿಗೇ.

ತಪ್ಪು ಚಳ್ಳಕೆರೆಯ ಬಿಸಿಲಿನದು. ಏಪ್ರಿಲ್ ತಿಂಗಳ ಮಧ್ಯಾಹ್ನ ಬೀದಿಯಿಂದ ನೇರವಾಗಿ ಪಡಸಾಲೆಗೆ ಕಾಲಿಟ್ಟವರಿಗೆ ಸ್ವಲ್ಪ ಹೊತ್ತು ಕತ್ತಲೆಯೊಂದೇ ಕಾಣುತ್ತದೆ. ಸಾಲದ್ದಕ್ಕೆ ಬಾಲರಾಜು ಬೇರೆ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಮೊಳಕಾಲ್ಮೂರು ಸೀರೆ ನೇಯುವವರು ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿಗೆ ಕೂತು, ಒಳಗಿನ ಹಲಗೆಗಳನ್ನು ತುಳಿಯುತ್ತ ನೇಯುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಯಾರಪ್ಪಾ ಪಾಲಾಕ್ಷ? ಇದು ರೆಸಿಡೆನ್ಷಿಯಲ್ ಜೋನು ಅಂತ ಗೊತ್ತಿಲ್ವಾ?"

"ಪಾಲಾಕ್ಷ ನಾನೇ. ಆ ಜೋನು ಅಂಬೋನು ಯಾವ ಮನೆಯೋನೋ ನಂಗೊತ್ತಿಲ್ಲ."

"ಅಧಿಕಾರಿ ಬಂದಾಗ ಎದ್ದು ಮಾತಾಡ್ಬೇಕು."

"ಎದ್ರೆ ಎಳೆ ಹೋಗ್ತದೆ. ನೀವೇ ಕೂತ್ಕಳ್ರಿ."

"ಎಷ್ಟು ಹಾರ್ಸ್‌ಪವರಿನದು ಓಡಿಸ್ತಿದ್ದೀಯ?"

"ಎಷ್ಟೂಂದ್ರೆ? ಎಲ್ಡೂ ಕಾಲು."

ಬಾಲರಾಜು ಬರೆದುಕೊಂಡರು. "ಎಲ್ಲಿದೆ, ತೋರ್ಸು."

"ಕೆಳಗವೆ. ಬಗ್ಗಿ ನೋಡ್ಕಳ್ರಿ."

ಬಗ್ಗಿದರು. ಮುಂದಿನದು ಆಗಲೇ ಹೇಳಿಯಾಯಿತು. ಒಬ್ಬನಿಗೆಂದು ತೋಡಿದ ಗುಂಡಿಯಲ್ಲಿ ಇಬ್ಬರಾಗಿ, ಸೊಂಟಕ್ಕೆ ಸೊಂಟ ಸಿಕ್ಕಿಕೊಂಡಿತು. ಬೀಳುವಾಗ ಆಸರೆಗೆಂದು ಬಾಲರಾಜು ಹಿಡಿದದ್ದು ಮಗ್ಗದ ಮೇಲೆ ಬಿಗಿದಿದ್ದ ರೇಷ್ಮೆಯನ್ನು. ನೇಕಾರರು ಉದ್ದದ ಎಳೆಗೆ ಹಾಸು ಎನ್ನುತ್ತಾರೆ, ಅಡ್ಡದ ಎಳೆಗೆ ಹೊಕ್ಕು. ಅವತ್ತು ಹರಿದದ್ದು ಹಾಸು, ಹೊಕ್ಕವರು ಇನ್ಸ್‌ಪೆಕ್ಟರು. ಪಾಲಾಕ್ಷನಿಗೆ ಸಿಟ್ಟು ಬಂದರೆ ಬಾಯಿಗೆ ತೆಲುಗು ಬರುತ್ತಿತ್ತು. "ಲೆಯ್! ಪೈಕಿ ಲೆಯ್!" ಎಂದು ಅವನು ಕಿರುಚಿದ್ದನ್ನು ಸಭ್ಯವಾಗಿ ಕನ್ನಡಿಸಿದರೆ, ದಯವಿಟ್ಟು ಮೇಲೇಳಬೇಕು ಎಂದಾಗುತ್ತದೆ.

ಹೊಸ್ತಿಲಲ್ಲಿ ನಿಂತಿದ್ದ ಮುರುಗೇಂದ್ರಪ್ಪನವರಿಗೆ ನಗು ಬಂತು, ನುಂಗಿಕೊಂಡರು. ದೂರು ಕೊಟ್ಟು ಕರೆತಂದವರು ತಾವೇ ಆದ್ದರಿಂದ, ಮೇಲೆತ್ತಲು ಕೈ ಕೊಡಬೇಕಾದವರೂ ತಾವೇ.

ಮುರುಗೇಂದ್ರಪ್ಪನವರು ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಚೀಲ ತೂಗಿಸುವ ಗುಮಾಸ್ತರಾಗಿದ್ದು ನಿವೃತ್ತರಾದವರು. ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಕಾಂಪೌಂಡಿನ ಮೂಲೆಗೆ ಗಾಜಿನದೊಂದು ಎಸ್‌ಟಿಡಿ ಬೂತು ಇಟ್ಟಿದ್ದರು. ಅದರ ಹಳದಿ ಬೋರ್ಡು ಬೀದಿಯ ಆ ತುದಿಗೂ ಕಾಣುತ್ತಿತ್ತು. ಮಿಲ್ಲಿನಲ್ಲಿ ಬದುಕೆಲ್ಲ ಎಲ್ಲರ ಕೂಗು ಕೇಳಿಸಿಕೊಂಡವರಿಗೆ, ಈಗ ಜನ ತಮ್ಮ ಮುಂದೆ ಸಾಲಾಗಿ ನಿಂತು "ಸಾರ್, ಲೈನ್ ಸಿಕ್ತಾ?" ಎಂದು ಮೆಲ್ಲಗೆ ಕೇಳುವುದು ಬಹಳ ಹಿತವಾಗಿತ್ತು.

ಆ ಹಿತಕ್ಕೆ ಕಲ್ಲು ಬಿದ್ದದ್ದು ತೊಂಬತ್ತೇಳನೇ ಇಸವಿಯ ಯುಗಾದಿ ಕಳೆದ ಮೇಲೆ. ಪಕ್ಕದ ಮನೆಗೆ ಮೊಳಕಾಲ್ಮೂರಿನಿಂದ ಪಾಲಾಕ್ಷ ಬಂದ. ಜೊತೆಗೆ ಹೆಂಡತಿ ಯರ್ರಮ್ಮ, ಬಿಚ್ಚಿ ಕಟ್ಟಿದ ಮಗ್ಗ. ಹೊಸ ಮನೆಗೆ ಬಂದವರು ಹಾಲು ಉಕ್ಕಿಸುತ್ತಾರೆ. ಇವನು ಪಡಸಾಲೆ ಅಗೆದ. ಸಂಜೆಯಷ್ಟರಲ್ಲಿ ಗುಂಡಿ ತಯಾರು. ಮಾರನೆಯ ಬೆಳಿಗ್ಗೆಯಿಂದ ಟಕ್ ಟಕಾ, ಟಕ್ ಟಕಾ.

ಮೊದಲ ಪೆಟ್ಟು ಬಿದ್ದದ್ದು ಬೂತಿನ ಗಿರಾಕಿಯೊಬ್ಬನಿಗೆ. ಬಳ್ಳಾರಿಯ ಮಾವನಿಗೆ ಫೋನು ಮಾಡಿ, "ಜ್ವರ ಬಂದು ಮಲಗಿದೀನಿ ಮಾವ, ಗೃಹಪ್ರವೇಶಕ್ಕೆ ಬರಾಕಾಗಲ್ಲ," ಎಂದು ನರಳಿದ. ಆ ಕಡೆಯಿಂದ ಮಾವ, "ತಮಾಷೆ ಮಾಡ್ಬೇಡ ಅಳಿಯಪ್ಪ, ರೈಲಿನ ಸದ್ದು ಚೆನ್ನಾಗಿ ಕೇಳಿಸ್ತೈತೆ. ಸ್ಟೇಷನ್ನಿಗೆ ಬಂದಿರ್ತೀನಿ," ಎಂದು ಫೋನಿಟ್ಟರು. ಅಳಿಯ ಇಲ್ಲದ ಜ್ವರದಲ್ಲೇ ಬಳ್ಳಾರಿಗೆ ಹೋಗಬೇಕಾಯಿತು. ಆ ಬೂತಿಗೆ ಮತ್ತೆ ಬರಲಿಲ್ಲ. ಕತೆಯನ್ನು ಮಾತ್ರ ಊರಿಗೆಲ್ಲ ಹೇಳಿದ.

ಒಬ್ಬರದು ಕಾಲ್ ವ್ಯಾಪಾರ, ಇನ್ನೊಬ್ಬನದು ಕಾಲಿನ ವ್ಯಾಪಾರ. ನಡುವೆ ಒಂದು ಕಾಂಪೌಂಡು ಗೋಡೆ.

ಮುರುಗೇಂದ್ರಪ್ಪನವರು ಗೋಡೆಯ ಮೇಲೆ ಮುಖವಿಟ್ಟು ಕೂಗಿದರು. "ಏನಯ್ಯಾ, ಇದು ವಾಸದ ಬಡಾವಣೆ. ಇಲ್ಲಿ ಮಗ್ಗ ಗಿಗ್ಗ ಹಾಕೋ ಹಂಗಿಲ್ಲ."

"ವಾಸಾನೂ ಮಾಡ್ತಿದೀನಿ, ಯಜಮಾನ್ರೆ."

"ಸದ್ದಿಗೆ ನನ್ನ ಗಿರಾಕಿಗಳು ಓಡಿಹೋಗ್ತಾ ಅವ್ರೆ!"

"ಗಾಜಿನ ಬಾಗ್ಲು ಇಟ್ಟಿದೀರಲ್ಲ, ಹಾಕ್ಕಳ್ರಿ. ತೋರ್ಸಕ್ಕೆ ಇಟ್ಟಿದೀರಾ?"

"ಶೆಡ್ ಬಾಡಿಗೆಗೆ ಹಿಡಿದು ಅಲ್ಲಿ ಹಾಕ್ಕೋ, ಹೋಗು."

"ಯಾರದೋ ಶೆಡ್ನಲ್ಲಿ ಕೂಲಿ ಕೂರೋದ್ಕಿಂತ ಕಾಲು ಮುರ್ಕಂಡು ಕೂರೋದು ವಾಸಿ. ಮಗ್ಗ ಬೇಕಾದ್ರೆ ಹೊತ್ಕಂಡು ಹೋಗ್ಬೋದು. ಗುಂಡಿ ಹೆಂಗೆ ಹೊತ್ಕಂಡು ಹೋಗ್ಲಿ, ನೀವೇ ಒಂದು ಕೈ ಹಿಡೀತೀರಾ?"

ಪಾಲಾಕ್ಷನಿಗೆ ಐವತ್ತರ ಆಸುಪಾಸು. ಮೀಸೆ ಮೂಡುವ ಮೊದಲೇ ಅಪ್ಪನ ಗುಂಡಿಗೆ ಇಳಿದವನು. ಸೊಂಟದಿಂದ ಮೇಲೆ ಬಡಕಲು, ಕೆಳಗೆ ಪೈಲ್ವಾನ. ಯಾರೋ ಇಬ್ಬರನ್ನು ಅರ್ಧರ್ಧ ಕತ್ತರಿಸಿ ಜೋಡಿಸಿದಂತೆ. ಬೀದಿಯಲ್ಲಿ ನಡೆಯುವಾಗ ದಾರಿ ತಪ್ಪಿದವನ ಹಾಗೆ ಕಾಣುತ್ತಿದ್ದ, ಗುಂಡಿಯಲ್ಲಿ ಕೂತರೆ ಮಾತ್ರ ಪಾಳೇಗಾರ. ಯಾರಿಗೂ ನಮಸ್ಕಾರ ಹೇಳುತ್ತಿರಲಿಲ್ಲ. ಹೇಳಿದವರಿಗೆ ತಿರುಗಿಯೂ ಹೇಳುತ್ತಿರಲಿಲ್ಲ. ಬೂತಿನ ಕಡೆಗಿದ್ದ ಕಿಟಕಿಯನ್ನು ಚಳಿಗಾಲದಲ್ಲೂ ಮುಚ್ಚಲಿಲ್ಲ. ಮುರುಗೇಂದ್ರಪ್ಪನವರೂ ಕಡಿಮೆಯಿಲ್ಲ. ಯರ್ರಮ್ಮ ತವರಿಗೆ ಫೋನು ಮಾಡಬೇಕೆಂದು ಬಂದಾಗಲೆಲ್ಲ, ಬೂತಿನೊಳಗೆ ಯಾರೋ ಮಾತಾಡುತ್ತಿರುವಾಗಲೇ, "ಲೈನಿಲ್ಲ ಕಣಮ್ಮ," ಎನ್ನುತ್ತಿದ್ದರು. ಯರ್ರಮ್ಮ ಮುಸುರೆ ನೀರನ್ನು ಬೂತಿನ ಮೆಟ್ಟಿಲ ಪಕ್ಕದ ಚರಂಡಿಗೇ ಚೆಲ್ಲತೊಡಗಿದಳು. ಸಾಲಿನಲ್ಲಿ ನಿಂತವರು ಮೂಗು ಮುಚ್ಚಿದರು. ವಾಸದ ಬಡಾವಣೆ ಹೀಗೆ ವಾಸನೆಯ ಬಡಾವಣೆಯಾಯಿತು.

ಮುರುಗೇಂದ್ರಪ್ಪನವರಿಗೆ ಅರ್ಥವಾಗದ ಸಂಗತಿ ಒಂದೇ. ಮೊಳಕಾಲ್ಮೂರಿನಲ್ಲಿ ಇವನಿಗೆ ಸ್ವಂತ ಮನೆಯಿದೆ. ಆ ಓಣಿಯಲ್ಲಿ ಮನೆಮನೆಗೂ ಮಗ್ಗ, ಯಾವ ಅಧಿಕಾರಿಯೂ ಅಲ್ಲಿಗೆ ಹೋಗಿ ಜೋನು ಗೀನು ಎಂದವನಲ್ಲ. ಅಂಥ ಊರು ಬಿಟ್ಟು, ಮಗ್ಗವೇ ಕೂಡದೆನ್ನುವ ಬಡಾವಣೆಗೆ ಬಂದು ಮಗ್ಗ ಹೂಡುವುದೆಂದರೆ? ಅಣ್ಣತಮ್ಮಂದಿರ ಜಗಳ ಎಂದರು ಬೀದಿಯವರು. ಸೀರೆ ಸಾಹುಕಾರನ ಮೇಲೆ ಕೈಮಾಡಿ ಬಂದಿದ್ದಾನೆ ಎಂದೂ ಅಂದರು. ಯರ್ರಮ್ಮನನ್ನು ಕೇಳಿದರೆ, "ಅವ್ರನ್ನೇ ಕೇಳ್ರಿ. ನಂಗೆ ಹೇಳಿದ್ರೆ ತಾನೆ?" ಎನ್ನುತ್ತಿದ್ದಳು. ಮುರುಗೇಂದ್ರಪ್ಪನವರು ಮಾತ್ರ ಗಟ್ಟಿಯಾಗಿ ತೀರ್ಮಾನಿಸಿದ್ದರು: ತನ್ನನ್ನು ಹಾಳುಮಾಡಲಿಕ್ಕೇ ಈ ಮನುಷ್ಯ ಹುಡುಕಿಕೊಂಡು ಬಂದಿದ್ದಾನೆ.

ಹಾಗಾಗಿ ಮರುವರ್ಷ ಕಚೇರಿಗೆ ದೂರು ಕೊಟ್ಟರು. ಯಾವ ಕಚೇರಿ ಎಂದು ಹೇಳುವುದು ಬೇಡ; ಒಂದರ ಹೆಸರು ಹೇಳಿದರೆ ಮಿಕ್ಕವಕ್ಕೆ ಹೊಟ್ಟೆಕಿಚ್ಚಾಗುತ್ತದೆ. ಅಲ್ಲಿನ ನಿಯಮ ಸರಳವಾಗಿತ್ತು. ವಾಸದ ಮನೆಯಲ್ಲಿ ಮನೆಯವರೇ ಸೇರಿ ಸಣ್ಣ ಕಸುಬು ಮಾಡಲು ಅಡ್ಡಿಯಿಲ್ಲ. ಆದರೆ ಒಂದು ಹಾರ್ಸ್‌ಪವರಿಗಿಂತ ದೊಡ್ಡ ಮೋಟಾರು ಇರಬಾರದು, ನೆರೆಯವರಿಗೆ ಸದ್ದಿನ ಕಾಟ ಇರಬಾರದು, ಬೀದಿಗೆ ಬೋರ್ಡು ಇರಬಾರದು. ಮೊದಲೆರಡನ್ನು ಓದಿ ಮುರುಗೇಂದ್ರಪ್ಪನವರಿಗೆ ಎಷ್ಟು ಸಂತೋಷವಾಯಿತೆಂದರೆ, ಮೂರನೆಯದನ್ನು ಓದಲೇ ಇಲ್ಲ.

ಗುಂಡಿಯಿಂದ ಎದ್ದು ಹೋದ ಬಾಲರಾಜು ಸುಮ್ಮನಿರಲಿಲ್ಲ. ಎರಡೂಕಾಲು ಹಾರ್ಸ್‌ಪವರಿನ ಮೋಟಾರು ಓಡಿಸುತ್ತಿರುವುದರಿಂದ ಮಗ್ಗವನ್ನು ಏಕೆ ತೆರವುಗೊಳಿಸಬಾರದು ಎಂದು ನೋಟಿಸು ಬಂತು. ವಿಚಾರಣೆಯ ದಿನ ಮುರುಗೇಂದ್ರಪ್ಪನವರು ಇಸ್ತ್ರಿ ಅಂಗಿ ತೊಟ್ಟು ಹೋದರು. ದೊಡ್ಡ ಸಾಹೇಬರಾದ ಜಂಬುಲಿಂಗಪ್ಪನವರು ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡು, ಆದಷ್ಟು ಕಡಿಮೆ ಮಾತಿನಲ್ಲಿ ಕೆಲಸ ಮುಗಿಸುವವರು.

"ಮೋಟಾರೆಲ್ಲಪ್ಪಾ?"

"ಯಾವ ಮೋಟಾರು ಸಾಮಿ?"

"ಎರಡೂಕಾಲು ಅಂತ ನೀನೇ ಹೇಳಿದೀಯಲ್ಲ."

ಪಾಲಾಕ್ಷ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ, ಒಂದಾದ ಮೇಲೊಂದು ಮುಂದೆ ಚಾಚಿದ. "ಇದೊಂದು. ಇದೊಂದು. ಎಲ್ಡೂ ಕಾಲೂ ಇಲ್ಲೇ ಅವೆ. ಬಿಚ್ಚಿಡಾಕೆ ಬರಲ್ಲ, ಮಗ್ಗದ ಜೊತೆ ಇವನ್ನೂ ಕಡಿಸ್ತೀರಾ?"

ಜಂಬುಲಿಂಗಪ್ಪನವರು ನಗಲೇಬೇಕಾಗಿ ಬಂದು ಕಿಟಕಿಯಾಚೆ ಉಗಿದು ಬಂದರು. ಬಾಲರಾಜು ಗುಂಡಿಗೆ ಎರಡನೆಯ ಸಲ ಬಿದ್ದ ಮುಖ ಮಾಡಿಕೊಂಡರು.

"ಮೋಟಾರು ಇಲ್ದಿದ್ರೆ ಸದ್ದಿಲ್ವಾ ಸಾರ್?" ಮುರುಗೇಂದ್ರಪ್ಪನವರು ಎದ್ದುನಿಂತರು. "ನನ್ನ ಬೂತಲ್ಲಿ ಒಂದು ಮಾತು ಕೇಳಿಸಲ್ಲ."

"ಇವ್ರ ಬೂತಿಗೆ ಬಂದೋರು ಬೊಂಬಾಯಿ ಅಂದ್ರೆ ಬೊಂಬಾಯಿಗೆ ಕೇಳೋ ಹಂಗೇ ಒದರ್ತಾರೆ ಸಾಮಿ. ಫೋನು ಯಾತಕ್ಕಿಟ್ಟವ್ರೋ!"

"ಲೇ, ನನ್ನದು ಸಾರ್ವಜನಿಕ ಸೇವೆ ಕಣಲೇ!"

"ನಾನೇನು ಸೀರೆ ನಾನೇ ಉಟ್ಕಂತೀನಾ?"

ಜಂಬುಲಿಂಗಪ್ಪನವರು ಕೈಯೆತ್ತಿ, ಬಾಲರಾಜು ಕಡೆ ತಿರುಗಿದರು. "ಬೋರ್ಡು?"

"ಮಗ್ಗದ ಮನೆಗೆ ಬೋರ್ಡಿಲ್ಲ ಸರ್," ಎಂದರು ಬಾಲರಾಜು. ಆಮೇಲೆ ಬಹಳ ನೋವಿನಿಂದ, "ಬೂತಿಗಿದೆ," ಎಂದರು.

"ನಿಯಮ ಹಿಡಿದ್ರೆ ಇಬ್ರದೂ ಎತ್ತಿಸ್ಬೇಕು. ಬಿಟ್ರೆ ಇಬ್ರದೂ ಬಿಡ್ಬೇಕು. ಏನ್ಮಾಡ್ಲಿ ಮುರುಗೇಂದ್ರಪ್ಪನೋರೆ?"

ಮುರುಗೇಂದ್ರಪ್ಪನವರು ದೂರು ವಾಪಸು ಪಡೆದರು. ಮನೆಗೆ ಬರುವಷ್ಟರಲ್ಲಿ ಮಗ್ಗ ಶುರುವಾಗಿತ್ತು; ಅವತ್ತು ಅದು ಟಕ್ ಟಕಾ ಎನ್ನುತ್ತಿರಲಿಲ್ಲ, ಹೆಂಗೆ ಹೆಂಗೆ, ಹೆಂಗೆ ಹೆಂಗೆ ಎನ್ನುತ್ತಿತ್ತು.

ಆಮೇಲಿನ ವರ್ಷಗಳೆಲ್ಲ ಹಾಗೆಯೇ ನಡೆದವು. ಇಬ್ಬರೂ ಮಾತು ಬಿಟ್ಟರು, ಬೈಗುಳ ಬಿಡಲಿಲ್ಲ. ಬೈಗುಳವನ್ನೂ ಗೋಡೆಗೋ ನಾಯಿಗೋ ಹೇಳುವಂತೆ ಹೇಳುತ್ತಿದ್ದರು. ಬೀದಿಯ ನಾಯಿಗೆ ತನ್ನ ಹೆಸರು ಯಾವುದೆಂಬುದೇ ಮರೆತುಹೋಗಿರಬೇಕು.

ಅಷ್ಟರಲ್ಲಿ ಜನರ ಜೇಬಿಗೆ ಮೊಬೈಲು ಬಂತು. ಬೂತಿನ ಮುಂದಿನ ಸಾಲು ಕರಗುತ್ತ ಬಂದು, ಕೊನೆಗೆ ಚಿಲ್ಲರೆ ಕೇಳಲು ಬರುವವರಷ್ಟೇ ಉಳಿದರು. ಎರಡು ಸಾವಿರದ ಐದರಲ್ಲಿ ಮುರುಗೇಂದ್ರಪ್ಪನವರು ಬೂತು ಮುಚ್ಚಿ ಹಳದಿ ಬೋರ್ಡು ಇಳಿಸಿದರು. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಕಣ್ಣು ತುಂಬಿತು. ಮರುಕ್ಷಣವೇ ಹೊಳೆಯಿತು: ಈಗ ತನ್ನದು ಅಪ್ಪಟ ವಾಸದ ಮನೆ. ಬೋರ್ಡಿಲ್ಲ, ವ್ಯಾಪಾರವಿಲ್ಲ. ನಿಯಮವನ್ನು ಈಗ ಹಿಡಿದರೆ ಸಿಕ್ಕಿಬೀಳುವವನು ಒಬ್ಬನೇ. ಕಣ್ಣೊರೆಸಿಕೊಂಡು ಕಚೇರಿಗೆ ಹೊರಟರು.

ಬಾಲರಾಜು ಇಷ್ಟರಲ್ಲಿ ಬೇರೆ ಊರು ಸುತ್ತಿ, ಬಡ್ತಿ ಪಡೆದು, ಅದೇ ಕಚೇರಿಯಲ್ಲಿ ಜಂಬುಲಿಂಗಪ್ಪನವರ ಕುರ್ಚಿಗೆ ಬಂದು ಕೂತಿದ್ದರು. ದೂರು ಓದಿದರು. ಅವರ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

"ಸದ್ದು ಒಂದೇ ಸಾಕು ಇವರೇ, ಈ ಸಲ ಬಿಡಲ್ಲ. ಆದರೆ ಆತ ಬಡವ, ಬೇರೆ ದಿಕ್ಕಿಲ್ಲ ಅಂತ ಮೇಲಕ್ಕೆ ಅರ್ಜಿ ಹಾಕಬಾರದು. ಮೊಳಕಾಲ್ಮೂರಲ್ಲಿ ಸ್ವಂತ ಮನೆ ಇದೆ, ಅಲ್ಲಿ ನೇಯೋಕೆ ಯಾರ ತಕರಾರೂ ಇಲ್ಲ ಅಂತ ಅವನ ಬಾಯಿಂದಲೇ ಬರಬೇಕು. ನಡೀರಿ, ಈಗಲೇ ಕೇಳೋಣ."

ಇಬ್ಬರೂ ಹೋದರು. ಬಾಲರಾಜು ಹೊಸ್ತಿಲಿನಿಂದ ಒಳಕ್ಕೆ ಕಾಲಿಡಲಿಲ್ಲ; ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಯರ್ರಮ್ಮ ಅಡುಗೆಮನೆಯಿಂದ ಇಣುಕಿ, ಇವರನ್ನು ನೋಡಿ, ಸೌಟು ಹಿಡಿದುಕೊಂಡೇ ಬಂದು ಗುಂಡಿಯ ಪಕ್ಕ ಕೂತಳು. ಅವಳ ಗಂಡನಿಗೆ ಈಗ ಅರವತ್ತು ಸಮೀಪಿಸಿತ್ತು. ಈ ಗುಂಡಿ ಮುಚ್ಚಿದರೆ ಇನ್ನೊಂದು ತೋಡುವ ಶಕ್ತಿ ಅವನಿಗಿಲ್ಲವೆಂಬುದು ಅವಳಿಗೂ ಗೊತ್ತಿತ್ತು, ಮುರುಗೇಂದ್ರಪ್ಪನವರಿಗೂ ಗೊತ್ತಿತ್ತು.

ಹಾಗೆಂದು ಅವರು ದನಿ ಇಳಿಸಲಿಲ್ಲ. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಕಚೇರಿಯ ಖರ್ಚಿನಲ್ಲೇ ಹೊರಬಂತು.

"ಲೇ ಪಾಲಾಕ್ಷ, ಮೊಳಕಾಲ್ಮೂರಲ್ಲಿ ನಿಂಗೆ ಸ್ವಂತ ಮನೆ ಐತೋ ಇಲ್ವೋ?"

"ಐತೆ." ಲಾಳಿ ಆ ಕಡೆಯಿಂದ ಈ ಕಡೆಗೆ ಹಾಯಿತು.

ಬಾಲರಾಜು ಹುಬ್ಬು ಹಾರಿಸಿದರು. ಯರ್ರಮ್ಮ ಸೌಟು ಬಿಗಿಹಿಡಿದಳು.

"ಅಲ್ಲಿ ಮನೇಲಿ ಮಗ್ಗ ಹಾಕಿದ್ರೆ ಯಾರಾದ್ರೂ ಕೇಳ್ತಾರಾ?"

"ಯಾರ್ ಕೇಳ್ತಾರೆ? ಎಲ್ರದೂ ಅದೇ ಕಸುಬು."

"ಮತ್ತೆ ಅಂಥಾ ಊರು ಬಿಟ್ಟು ನನ್ನ ಪ್ರಾಣ ತಿನ್ನಾಕೆ ಇಲ್ಲಿಗ್ಯಾಕೆ ಬಂದೆ? ಇವತ್ತು ಹೇಳಲೇಬೇಕು."

ಪಾಲಾಕ್ಷ ಮೊಟ್ಟಮೊದಲ ಬಾರಿಗೆ ಮಗ್ಗ ನಿಲ್ಲಿಸಿದ. ಪಡಸಾಲೆ ನಿಶ್ಶಬ್ದವಾಯಿತು. ಈ ಮನುಷ್ಯನಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ಅವನು ಮುರುಗೇಂದ್ರಪ್ಪನವರ ಮುಖ ನೋಡಿದ.

"ಅಲ್ಲಿ ಹೆಂಗಿರ್ಲಿ ಯಜಮಾನ್ರೆ? ಆ ಕಡೆ ಮನೇಲೂ ಮಗ್ಗ, ಈ ಕಡೆ ಮನೇಲೂ ಮಗ್ಗ. ಹೊತ್ತು ಹುಟ್ಟಿದ್ರೆ ಸಾಕು, ಟಕಾ ಟಕಾ ಟಕಾ ಟಕಾ. ಆ ಸದ್ದಿನ ಪಕ್ದಲ್ಲಿ ಮನುಷ್ಯ ಅಂಬೋನು ವಾಸ ಮಾಡಾಕಾಗ್ತದಾ?"