ಎಡ ಭುಜದ ಹತ್ತಿ

ನಲವತ್ತೊಂದನೇ ವಯಸ್ಸಿನಲ್ಲಿ ನನ್ನ ಡೊಂಕು ಬೆನ್ನುಮೂಳೆಗೆ ಆಪರೇಷನ್ ಮಾಡಿಸಿಕೊಂಡೆ. ಬೆನ್ನೊಳಗೆ ಎರಡು ಸರಳು, ಒಂದಷ್ಟು ಸ್ಕ್ರೂ. ನಾಲ್ಕು ತಿಂಗಳ ಮೇಲೆ ಕಾಪುವಿನ ಶಾಲೆಗೆ ಪಾಠ ಮಾಡಲು ಮರಳಬೇಕಿತ್ತು. ಹಳೆಯ ರವಿಕೆ ಒಂದೂ ಮೈಗೆ ಸರಿಹೋಗುತ್ತಿರಲಿಲ್ಲ. ಬನ್ನಂಜೆಯ ಟೈಲರ್ ಸುಂದರಣ್ಣನಿಗೆ ಬಟ್ಟೆ ಕೊಡುವಾಗ, ಹೊಸದಾಗಿ ಅಳತೆ ತೆಗೆಯಿರಿ ಎಂದು ಮೂರು ಸಲ ಹೇಳಿದ್ದೆ.

"ಹದಿನೈದು ವರ್ಷದ ಅಳತೆ, ಬಾಯಿಪಾಠ ಉಂಟು ಟೀಚರೇ" ಎಂದುಬಿಟ್ಟಿದ್ದರು.

ವಾರದ ನಂತರ ಅವರ ಅಂಗಡಿಯಲ್ಲಿ, ತೋಳು ಸರಿಯಾಗಿ ತಿರುಗದೆ ಹಲ್ಲು ಕಚ್ಚಿಕೊಂಡು ಹೊಸ ರವಿಕೆ ತೊಟ್ಟು ಕನ್ನಡಿ ನೋಡಿದರೆ ಎಡ ಭುಜ ಉಬ್ಬಿ ನಿಂತಿದೆ! ನೆಟ್ಟಗಾಗಲು ಅಷ್ಟೆಲ್ಲ ಪಾಡುಪಟ್ಟವಳು ಇವರ ಕೈಯಲ್ಲಿ ಪುನಃ ಡೊಂಕಾಗಿದ್ದೆ.

"ಎಂತ ಸುಂದರಣ್ಣ ಇದು?" ಎಂದು ರೇಗಿದೆ.

ರವಿಕೆ ಬಿಚ್ಚಿ ಕೊಟ್ಟ ಮೇಲೆ ಅವರು ಲೈನಿಂಗ್‌ನ ಹೊಲಿಗೆ ಕತ್ತರಿಸಿ ಒಳಗಿನಿಂದ ಹತ್ತಿಯ ಪದರ ತೆಗೆದರು. "ನಿಮ್ಮ ಎಲ್ಲಾ ರವಿಕೆಗೂ ಇದನ್ನು ಇಡುತ್ತಿದ್ದೆ. ಎಡ ಭುಜ ತಗ್ಗು ಇತ್ತಲ್ಲ."

"ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲ ಅಲ್ವಾ?"

"ಹೇಳಲಿಕ್ಕೆ ಎಂತ ಉಂಟು? ಕನ್ನಡಿ ನೋಡಿ ಖುಷಿಯಲ್ಲಿ ಹೋಗುತ್ತಿದ್ದಿರಿ."

ನನ್ನ ಡೊಂಕು ಯಾರ ಕಣ್ಣಿಗೂ ಬಿದ್ದಿಲ್ಲವೆಂದು ನಂಬಿದ್ದೆನಲ್ಲ! ಬೈಯಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. "ಮೊದಲು ಟೇಪು ಹಿಡಿಯಿರಿ" ಎಂದೆ.

ಎರಡೆರಡು ಸಲ ಅಳೆದು, ಸಂಕೋಚದಿಂದ ಹೇಳಿದರು: "ಈಗಲೂ ಎಡಕ್ಕೆ ಕಾಲು ಇಂಚು ತಗ್ಗು ಉಂಟು. ತೆಳ್ಳಗೆ ಹತ್ತಿ ಇಡಲಾ?"

ಡಾಕ್ಟರೂ ಹೇಳದ ಕಾಲು ಇಂಚು!

"ಬೇಡ ಮಾರಾಯ್ರೆ" ಎಂದೆ. "ಅಷ್ಟು ನನ್ನದೇ ಇರಲಿ."